ಚರೈತೇನೋ ಯಾರದ್ದು?

ನನ್ನ ಮಗಳ ಚೊಚ್ಚಲ ಬಾಣಂತನ ತವರಿನಲ್ಲಿ ಆಗದೆ ಹೋಗುವುದರಲ್ಲಿತ್ತು. ಅದಕ್ಕೆ ಕಾರಣ ಜಗಳ. ಜಗಳಕ್ಕೆ ಕಾರಣ ಫುಟ್ಬಾಲ್. ಫುಟ್ಬಾಲಿನಲ್ಲೂ ಆಟವಲ್ಲ, ಆಟ ನೋಡಲು ಹೋದವರು ಹಾಕುತ್ತಿದ್ದ ಒಂದು ಕೂಗು. ಈಗ ಹೇಳಿದರೆ ಎಲ್ಲರೂ ನಗುತ್ತಾರೆ. ಆಗ ನನಗೆ ನಗು ಬಂದಿರಲಿಲ್ಲ.

ನಮ್ಮೂರು ಸಕಲೇಶಪುರ ತಾಲ್ಲೂಕಿನ ಕೊನೆಯಲ್ಲಿದೆ. ಗದ್ದೆ ಬಯಲಿನ ನಡುವೆ ಒಂದು ಹಳ್ಳ ಹರಿಯುತ್ತದೆ. ಹಳ್ಳ ದಾಟಿದರೆ ಆಲೂರು ತಾಲ್ಲೂಕು. ದೊಡ್ಡ ಹಳ್ಳವೇನಲ್ಲ, ಬೇಸಿಗೆಯಲ್ಲಿ ಸೀರೆ ಎತ್ತಿ ಕಟ್ಟಿದರೆ ನಡೆದೇ ದಾಟಬಹುದು. ಬೇಡವೆಂದರೆ ಎರಡು ದಿಮ್ಮಿ ಹಾಸಿದ ಸಂಕವೂ ಇದೆ. ನಮ್ಮ ರೇಷನ್ ಕಾರ್ಡು ಒಂದು ಆಫೀಸಿನದು, ಅವರದು ಇನ್ನೊಂದು ಆಫೀಸಿನದು. ಕಾಡುಹಂದಿಗಳಿಗೆ ಮಾತ್ರ ಈ ವ್ಯತ್ಯಾಸ ಗೊತ್ತಿರಲಿಲ್ಲ. ಇವತ್ತು ಈಚೆ ಮೇಯ್ದರೆ ನಾಳೆ ಆಚೆ ಮೇಯುತ್ತಿದ್ದವು.

ಮಗಳನ್ನು ಹಳ್ಳದಾಚೆಗೇ ಕೊಟ್ಟೆ. ದೂರದೂರಿಗೆ ಕೊಟ್ಟು ಬಸ್ಸಿಗೆ ಕಾಯುವುದು ನನಗೆ ಬೇಕಿರಲಿಲ್ಲ. ಹಿತ್ತಲಲ್ಲಿ ನಿಂತರೆ ಅವರ ಮನೆಯ ಅಂಗಳ ಕಾಣುತ್ತದೆ. ಅಲ್ಲಿ ಕಾಫಿ ಒಣಗಿಸಲು ಹರಡಿದ್ದು, ಮಗಳು ಬಟ್ಟೆ ಹಾಕಿದ್ದು, ಅವಳ ಅತ್ತೆ ಕೋಳಿ ಅಟ್ಟಿದ್ದು ಎಲ್ಲಾ ಕಾಣುತ್ತದೆ. ನನ್ನ ಗಂಡ ಅವಳ ಮದುವೆಗೆ ಮೊದಲೇ ತೀರಿಹೋಗಿದ್ದರು. ಮಗನೇ ಓಡಾಡಿ ತಂಗಿಯ ಮದುವೆ ಮಾಡಿದ. ಅವನೂ ಅಳಿಯನೂ ಮೊದಲಿಂದ ಸ್ನೇಹಿತರು. ಮದುವೆಯಾದ ಮೇಲೆ ಇವನು ಅವನನ್ನು ಭಾವ ಅನ್ನುವುದು, ಅವನು ಇವನನ್ನು ಭಾವ ಅನ್ನುವುದು. ಯಾರು ಯಾರನ್ನು ಕರೆದರು ಅಂತ ಗೊತ್ತಾಗದೆ ಇಬ್ಬರೂ ಓಗೊಡುತ್ತಿದ್ದರು.

ಫುಟ್ಬಾಲ್ ನಮ್ಮ ಕಡೆಗೆ ಬಂದಿದ್ದು ತೊಂಬತ್ತರ ದಶಕದಲ್ಲಿ. ಮೇಲಿನ ಎಸ್ಟೇಟಿಗೆ ಕೇರಳದ ಕಡೆಯ ಒಬ್ಬ ರೈಟರ್ ಬಂದ. ಆಳುಗಳ ಹಾಜರಿ ಬರೆಯುವುದು ಅವನ ಕೆಲಸ, ಚೆಂಡು ಒದೆಯುವುದು ಅವನ ಹುಚ್ಚು. ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕು ಬಿದಿರು ನೆಟ್ಟು ನಮ್ಮ ಹುಡುಗರಿಗೆ ಆಟ ಕಲಿಸಿದ. ಹಳ್ಳದಾಚೆಯವರು ಸುಮ್ಮನಿರುತ್ತಾರೆಯೇ? ಅವರೂ ಬಿದಿರು ನೆಟ್ಟರು. ನಾಲ್ಕೈದು ವರ್ಷದಲ್ಲಿ ನಮ್ಮೂರಿಗೆ ಹಸಿರು ಬನಿಯನ್ನಿನ ಟೀಮು, ಅವರೂರಿಗೆ ಕೆಂಪು ಬನಿಯನ್ನಿನ ಟೀಮು ಆದವು. ನಮ್ಮ ಟೀಮಿಗೆ ನನ್ನ ಮಗನೇ ಕ್ಯಾಪ್ಟನ್. ಅವರ ಟೀಮಿಗೆ ಅಳಿಯ ಗೋಲು ಕಾಯುತ್ತಿದ್ದ.

ಎರಡು ಟೀಮಿಗೂ ಒಂದೇ ಕೂಗು. ಆಟ ಶುರುವಾದಾಗ ಒಬ್ಬ ಎದ್ದು ನಿಂತು ಗಂಟಲು ಹರಿಯುವ ಹಾಗೆ "ಚರೈತೇ…ನೋ…?" ಅನ್ನುತ್ತಿದ್ದ. ಉಳಿದವರೆಲ್ಲ ಒಟ್ಟಿಗೆ "ಐತೆ ಕಣೋ ಐತೆ!" ಅನ್ನುತ್ತಿದ್ದರು. ಹೀಗೇ ಮತ್ತೆ ಮತ್ತೆ, ಎದುರು ಟೀಮಿನವನಿಗೆ ತಲೆ ಕೆಡುವ ತನಕ. ಚರೈತೇನೋ ಅಂದರೆ ಏನು ಅಂತ ಒಬ್ಬನಿಗೂ ಗೊತ್ತಿರಲಿಲ್ಲ. ನಮ್ಮ ಹುಡುಗರು ಅದು ಚೆಂಡಿಗೆ ಚರ್ರನೆ ಒದೆಯುವುದು ಅನ್ನುತ್ತಿದ್ದರು. ಆಚೆಯವರು ಎದುರಾಳಿಯ ಚಡ್ಡಿ ಚರ್ರನೆ ಹರಿಯುವುದು ಅನ್ನುತ್ತಿದ್ದರು. ರೈಟರ್ ಅದನ್ನು ಕನ್ನಡದ ಯಾವುದೋ ಮಂತ್ರ ಅಂದುಕೊಂಡಿದ್ದ.

ಜಗಳ ಹತ್ತಿದ್ದು ಸಕಲೇಶಪುರದಲ್ಲಿ. ಆ ವರ್ಷ ಅಲ್ಲಿ ಒಂದು ಟೂರ್ನಮೆಂಟು ಇಟ್ಟಿದ್ದರು, ಎರಡು ಟೀಮುಗಳೂ ಹೋಗಿದ್ದವು. ಮಗಳು ಆಗ ಆರು ತಿಂಗಳ ಬಸುರಿ. ಬಯಕೆ ಊಟದ ಶಾಸ್ತ್ರಕ್ಕೆ ಹಸಿರು ಸೀರೆ ತರಬೇಕೆಂದು ನಾನೂ ಪೇಟೆಗೆ ಹೋಗಿದ್ದೆ. ಸೀರೆ ಕೊಂಡು, ಬಸ್ಸಿಗೆ ಹೊತ್ತಿದೆಯಲ್ಲ ಎಂದು ಆಟದ ಬಯಲಿನ ಮೆಟ್ಟಿಲಲ್ಲಿ ಹೋಗಿ ಕೂತೆ. ಬಲಗಡೆ ನಮ್ಮೂರ ಹಸಿರು ಬನಿಯನ್ನುಗಳು, ಎಡಗಡೆ ಅಳಿಯನ ಊರಿನ ಕೆಂಪು ಬನಿಯನ್ನುಗಳು. ನಡುವೆ ನಾನು, ನನ್ನ ಚೀಲ, ಒಂದು ಪೊಟ್ಟಣ ಕಡಲೆಕಾಯಿ.

ಅಳಿಯನ ಟೀಮು ಯಾವುದೋ ಪೇಟೆ ಟೀಮಿನ ಎದುರು ಆಡುತ್ತಿತ್ತು. ಅವರ ಕಡೆಯವರು ಚರೈತೇನೋ ಅಂದರು. ನಮ್ಮ ಹುಡುಗರಿಗೂ ಬಾಯಿ ತಡೆಯಲಿಲ್ಲ, ಅವರೂ ಶುರುಮಾಡಿದರು. ಅಲ್ಲಿಯ ತನಕ ಚೆನ್ನಾಗಿಯೇ ಇತ್ತು. ಆಗ ಮೈಕಿನವನು ಬಾಯಿ ಬಿಟ್ಟ.

"ಪ್ರೇಕ್ಷಕರೇ, ಈಗ ನೀವು ಕೇಳುತ್ತಿರುವುದು ಆಲೂರು ಸೀಮೆಯ ಹುಡುಗರ ಸುಪ್ರಸಿದ್ಧ ಘೋಷಣೆ! ನಮ್ಮ ಸಕಲೇಶಪುರದ ಹುಡುಗರೂ ಅದನ್ನು ಕಲಿತುಕೊಂಡಿದ್ದಾರೆ. ಬಹಳ ಸಂತೋಷ!"

ಆ 'ಕಲಿತುಕೊಂಡಿದ್ದಾರೆ' ಅನ್ನುವುದೊಂದು ಮಾತು ಸಾಕಾಯಿತು. ನನ್ನ ಮಗ ದಡಕ್ಕನೆ ಎದ್ದ.

"ಯಾರೋ ಕಲ್ತಿದ್ದು? ನಮ್ಮೂರ ಕೂಗನ್ನ ಕದ್ದು ನಮಗೇ ಕಲಿಸಕ್ಕೆ ಬಂದವ್ರೆ!"

ಎಡಗಡೆಯಿಂದ ಒಬ್ಬ, "ಕದಿಯಕ್ಕೆ ಅದೇನು ನಿಮ್ಮ ಹಿತ್ತಲ ಬಾಳೆಗೊನೆಯೇನೋ ಮಾರಾಯ? ನಮ್ಮಜ್ಜಂದಿರ ಕಾಲದಿಂದ ಐತೆ," ಅಂದ.

"ನಿಮ್ಮಜ್ಜಂಗೆ ಫುಟ್ಬಾಲ್ ಗೊತ್ತಿತ್ತಾ?"

"ನಿಮ್ಮಪ್ಪಂಗೆ ಗೊತ್ತಿತ್ತಾ?"

ಅಷ್ಟು ಹೊತ್ತಿಗೆ ಆಟ ಮುಗಿದು ಅಳಿಯನೂ ಬಂದ. ಸೋತಿದ್ದ. ಸೋತವನ ಮುಂದೆ ನನ್ನ ಮಗ, "ಕದ್ದ ಕೂಗಲ್ಲಿ ಗೆಲ್ಲಕ್ಕಾಯ್ತದಾ ಭಾವ?" ಅಂದುಬಿಟ್ಟ. ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡರು.

"ಬಿಡು ಭಾವ!"

"ನೀನ್ ಬಿಡು ಭಾವ ಮೊದ್ಲು!"

ಬಿಡಿಸಲು ಹೋದಾಗ ನನ್ನ ಚೀಲ ಯಾರದೋ ಕಾಲಿಗೆ ಸಿಕ್ಕಿ ಉರುಳಿತು. ಸೀರೆ ಹೊರಗೆ ಬಿತ್ತು. ಅದರ ಮೇಲೆ ಒಬ್ಬ ಬೂಟುಗಾಲು ಇಟ್ಟ. ಹಸಿರು ಸೀರೆಯ ಮೇಲೆ ಕೆಂಪು ಮಣ್ಣಿನ ಗುರುತು ಬಿತ್ತು. ಒಗೆದರೂ ಅದು ಪೂರ್ತಿ ಹೋಗಲಿಲ್ಲ.

ಹೊರಡುವಾಗ ಅಳಿಯ ಎಲ್ಲರೆದುರು ಹೇಳಿದ: "ಇದೇ ಮೈಕಲ್ಲಿ ಬಂದು 'ಕೂಗು ನಿಮ್ದು, ನಾವು ಕಲ್ತಿದ್ದು' ಅಂತ ಹೇಳೋಗಂಟ ನಮ್ಮನೆ ಹೊಸ್ಲು ತುಳಿಬೇಡ."

ಮಗ, "ಕರೆದ್ರೂ ಬರಲ್ಲ ಹೋಗು," ಅಂದ.

ಬೇರೆ ಕಾಲದಲ್ಲಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗಂಡಸರು ಮುನಿಸಿಕೊಂಡರೆ ಹಸಿವಾದಾಗ ಸರಿಹೋಗುತ್ತಾರೆ. ಆದರೆ ಮುಂದಿನ ತಿಂಗಳು ಬಯಕೆ ಊಟ. ನಮ್ಮ ಮನೆತನಗಳಲ್ಲಿ ಒಂದು ಪದ್ಧತಿ ಇದೆ. ಊಟವಾದ ಮೇಲೆ ಬಸುರಿಯನ್ನು ತವರಿಗೆ ಕರೆತರಲು ಒಡಹುಟ್ಟಿದ ಗಂಡಸೇ ಹೋಗಬೇಕು. ತಾಯಿ ಹೋದರೆ ಆಗುವುದಿಲ್ಲ, ಚಿಕ್ಕಪ್ಪ ಹೋದರೂ ಆಗುವುದಿಲ್ಲ. ಅಣ್ಣನೋ ತಮ್ಮನೋ ಹೊಸಿಲ ಮುಂದೆ ನಿಂತು "ಬಾರವ್ವ ತಂಗಿ" ಅನ್ನಬೇಕು. ಗಂಡನಾದವನು "ಕರ್ಕೊಂಡ್ ಹೋಗು" ಅನ್ನಬೇಕು. ಅಲ್ಲಿಯ ತನಕ ಅವಳು ಸಂಕ ದಾಟುವ ಹಾಗಿಲ್ಲ. ನನಗೆ ಇರುವುದು ಒಬ್ಬನೇ ಮಗ. ಅವನು ತುಳಿಯುವುದಿಲ್ಲ ಅನ್ನುತ್ತಾನೆ, ಅಳಿಯ ತುಳಿಯಲು ಬಿಡುವುದಿಲ್ಲ ಅನ್ನುತ್ತಾನೆ. ಚೊಚ್ಚಲ ಹೆರಿಗೆಗೆ ಮಗಳು ನನ್ನ ಕಣ್ಣೆದುರೇ, ಹಳ್ಳದಾಚೆಯ ಅಂಗಳದಲ್ಲಿ ಹೊಟ್ಟೆ ಹಿಡಿದುಕೊಂಡು ಓಡಾಡಬೇಕು, ನಾನು ಹಿತ್ತಲಲ್ಲಿ ನಿಂತು ನೋಡಬೇಕು.

ಆಗ ನಾನೊಂದು ಬುದ್ಧಿವಂತಿಕೆ ಮಾಡಲು ಹೋದೆ. ಚರೈತೇನೋ ಅನ್ನುವುದು ಏನು ಅಂತ ನನಗೆ ಗೊತ್ತಿತ್ತು. ನನ್ನ ಗಂಡ ಬದುಕಿದ್ದಾಗ, ಭತ್ತ ಹಾಲುಗಟ್ಟಿದ ಮೇಲೆ ಹಂದಿ ಕಾಯಲು ಗದ್ದೆಯ ಕಾವಲು ಗುಡಿಸಲಿಗೆ ಹೋಗುತ್ತಿದ್ದರು. ನಿದ್ದೆ ಬರದಿರಲಿ ಅಂತ ಆಗಾಗ "ಎಚ್ಚರ ಐತೇನೋ?" ಅಂತ ಕೂಗುತ್ತಿದ್ದರು. ಕೆಳಗದ್ದೆಯ ಗುಡಿಸಲಲ್ಲಿ ಇರುತ್ತಿದ್ದ ನನ್ನ ಮೈದುನ "ಐತೆ ಕಣೋ ಐತೆ" ಅನ್ನುತ್ತಿದ್ದ. ಆಮೇಲೆ ಆ ಗದ್ದೆಗಳಿಗೆಲ್ಲ ಬೇಲಿ ಬಂತು, ಕಾವಲು ನಿಂತಿತು. ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ಆ ಕೂಗನ್ನು ಇಟ್ಟುಕೊಂಡರು. ಕೂಗಿ ಕೂಗಿ ಎಚ್ಚರದ ತಲೆ ಸವೆದು ಚರ ಉಳಿಯಿತು. ಇದನ್ನು ಮಗನಿಗೆ ಹೇಳಿದೆ. ಇದು ಹಂದಿ ಓಡಿಸುವ ಕೂಗು, ಇದಕ್ಕೆ ಯಾಕೆ ಹೊಡೆದಾಡುತ್ತೀರಿ ಅಂತ ಬೈದರೆ ತಣ್ಣಗಾಗುತ್ತಾನೆ ಅಂದುಕೊಂಡಿದ್ದೆ.

ಅವನ ಮುಖ ಅರಳಿತು. "ನೋಡಿದ್ಯಾ! ನಮ್ಮಪ್ಪನ ಕೂಗು!"

ಊರಿಡೀ ಹೇಳಿಕೊಂಡು ಬಂದ. ಮೊದಲು ಟೀಮಿನ ಮರ್ಯಾದೆ ಆಗಿದ್ದದ್ದು ಈಗ ಸತ್ತ ಅಪ್ಪನ ಮರ್ಯಾದೆ ಆಯಿತು. ಹಳ್ಳದಾಚೆಗೆ ಸುದ್ದಿ ಮುಟ್ಟಿತು. ಅಲ್ಲಿಂದ ಅಳಿಯ ಹೇಳಿ ಕಳಿಸಿದ: ಎಚ್ಚರ ಐತೇನೋ ಅಂತ ಹಂದಿ ಕಾಯುತ್ತಿದ್ದವರು ನಮ್ಮಜ್ಜ, ಬೇಕಾದರೆ ನಮ್ಮವ್ವನನ್ನು ಕೇಳಿ. ನಾನು ನೀರು ಹಾಕಲು ಹೋಗಿ ಸೀಮೆಎಣ್ಣೆ ಸುರಿದಿದ್ದೆ.

ಸರಿ, ಕೇಳಿಯೇ ಬಿಡುತ್ತೇನೆ ಅಂತ ನಾನು ಹೊರಟೆ. ಬರಿಗೈಯಲ್ಲಿ ಹೋಗಬಾರದು ಅಂತ ಕಡುಬು ಬೇಯಿಸಿ, ಕೋಳಿ ಸಾರು ಮಾಡಿ, ಪಾತ್ರೆಗೆ ಬಟ್ಟೆ ಕಟ್ಟಿ ಸಂಕ ದಾಟಿದೆ. ಅಳಿಯ ತೋಟಕ್ಕೆ ಹೋಗಿದ್ದ. ಬೀಗಿತ್ತಿ ಒಲೆಯ ಮುಂದೆ ಕೂತು ಕಾಫಿಬೀಜ ಹುರಿಯುತ್ತಿದ್ದರು. ಮಗಳು ಗೋಡೆಗೆ ಒರಗಿ ಕಾಲು ಚಾಚಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಪಾದ ಊದಿಕೊಂಡಿತ್ತು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು.

"ಬನ್ನಿ ಬನ್ನಿ," ಅಂದರು ಬೀಗಿತ್ತಿ. "ಕೂಗು ವಾಪಸ್ ಕೊಡಕ್ಕೆ ಬಂದ್ರಾ?"

"ಕಡುಬು ಕೊಡಕ್ಕೆ ಬಂದೆ. ಕೂಗು ನಮ್ಮನೇಲೇ ಐತೆ."

"ಅದೆಂಗೆ ನಿಮ್ಮನೇಲಿ ಇರ್ತದೆ? ನಮ್ಮ ಮಾವ ಗುಡ್ಲಲ್ಲಿ ಕೂತು ಕೂಗ್ತಿದ್ದಿದ್ದು ನಾನು ಈ ಕಿವೀಲಿ ಕೇಳಿವ್ನಿ."

"ನಮ್ಮನೆಯವ್ರು ಕೂಗ್ತಿದ್ದಿದ್ದು ನಾನೂ ಕೇಳಿವ್ನಿ. ನಿಮ್ದು ಕಿವಿ, ನಂದೇನು ಹುರಳಿಕಾಯಾ?"

ಮಗಳು ಬೆಳ್ಳುಳ್ಳಿ ಬಿಟ್ಟು ನಮ್ಮಿಬ್ಬರನ್ನೇ ನೋಡತೊಡಗಿದಳು. "ಅವ್ವ, ನೀನೂ ಶುರು ಹಚ್ಕಂಡ್ಯಾ?" ಅಂದಳು.

"ನೀನು ಸುಮ್ನಿರು," ಅಂದೆವು ಇಬ್ಬರೂ. ಅಷ್ಟರ ಮಟ್ಟಿಗೆ ಮಾತ್ರ ನಾವು ಒಂದಾಗಿದ್ದೆವು.

ಬೀಗಿತ್ತಿ ಹುರಿಯುವ ಕೋಲು ಎತ್ತಿ ಹಿಡಿದರು. "ಕೇಳಿದ್ರೆ ಕೂಗಿ ತೋರ್ಸಿ ನೋಡಾನ. ನಿಮ್ಮನೆಯವ್ರು ಹೆಂಗೆ ಕೂಗ್ತಿದ್ರು?"

ನನಗೇನು ನಾಚಿಕೆ? ಗಂಡ ಕೂಗುತ್ತಿದ್ದ ಹಾಗೆಯೇ, ಕೊನೆಯಲ್ಲಿ ಎಳೆದು, ಕೂಗಿದೆ.

"ಎಚ್ಚರ ಐತೇ…ನೋ…?"

ಜಗಲಿಯಲ್ಲಿದ್ದ ಕೋಳಿಗಳು ಪಟಪಟ ಹಾರಿ ಅಂಗಳಕ್ಕೆ ಬಿದ್ದವು. ಬೀಗಿತ್ತಿ ಒಂದು ಉಸಿರೂ ತಡೆಯದೆ ಕೋಲು ಬೀಸಿ ಕೂಗಿದರು:

"ಐತೆ ಕಣೋ ಐತೆ! ಹಿಂಗೆ! ಹಿಂಗೆ ಕೂಗ್ತಿದ್ರು ನಮ್ಮ ಮಾವ!"

"ಹಂಗಲ್ಲ, ಎಚ್ಚರ ಐತೇ…ನೋ…?"

"ಐತೆ ಕಣೋ ಐತೆ! ಮೂಗಿಂದ ಬರ್ಬೇಕು ಅದು!"

ಇನ್ನೆಷ್ಟು ಸಲ ಕೂಗುತ್ತಿದ್ದೆವೋ. ಮಗಳು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. ನೋವೇ ಬಂತೇನೋ ಅಂತ ನಾವಿಬ್ಬರೂ ಹೆದರಿ ಹತ್ತಿರ ಹೋದೆವು. ಅವಳು ಕಣ್ಣೊರೆಸಿಕೊಂಡು ಹೇಳಿದಳು:

"ಅಲ್ಲ, ಅವ್ವ ಬರೀ ಕೇಳ್ತಾಳೆ. ಅತ್ತೆ ಬರೀ ಉತ್ತರ ಹೇಳ್ತಾರೆ. ಅವ್ವ ಒಂದ್ಸಲವೂ 'ಐತೆ' ಅನ್ಲಿಲ್ಲ. ಅತ್ತೆ ಒಂದ್ಸಲವೂ 'ಐತೇನೋ' ಅನ್ಲಿಲ್ಲ. ಅಪ್ಪ ಕೇಳ್ತಿದ್ದಿದ್ದು ಯಾರನ್ನ? ಈ ಮನೆ ಅಜ್ಜ ಉತ್ತರ ಕೊಡ್ತಿದ್ದಿದ್ದು ಯಾರಿಗೆ?"

ಒಲೆಯ ಮೇಲೆ ಕಾಫಿಬೀಜ ಸೀಯುತ್ತಿತ್ತು. ಬೀಗಿತ್ತಿ ಬಾಣಲೆ ಇಳಿಸುವುದನ್ನೂ ಮರೆತಿದ್ದರು.

"ನಮ್ಮ ಮಾವನ್ನ ಕೇಳ್ತಿದ್ದೋನು ನಮ್ಮ ಕೆಳಗದ್ದೆ ಗುಡ್ಲಿನ ಆಳು ಅಂದ್ಕೊಂಡಿದ್ದೆ," ಅಂದರು. "ನಾನೇನು ಎದ್ದೋಗಿ ನೋಡಿದ್ನಾ? ಹಾಸ್ಗೇಲಿ ಬಿದ್ಕೊಂಡು ಕೇಳಿದ್ದು."

"ನಾನು ಮೈದುನ ಉತ್ತರ ಕೊಡ್ತಾನೆ ಅಂದ್ಕೊಂಡಿದ್ದೆ," ಅಂದೆ. ನಾನೂ ಹಾಸಿಗೆಯಲ್ಲೇ ಕೇಳಿದ್ದು. ಹಗಲಿಡೀ ಕಳೆ ಕಿತ್ತವಳಿಗೆ ಎದ್ದು ಹೋಗಿ ಕೂಗು ಯಾವ ದಿಕ್ಕಿನದು ಅಂತ ನೋಡುವ ಪುರುಸೊತ್ತು ಎಲ್ಲಿತ್ತು?

ಅವರ ಆಳು ಎಲ್ಲಿಗೋ ಹೋಗಿ ಎಷ್ಟೋ ಕಾಲವಾಗಿತ್ತು. ನನ್ನ ಮೈದುನ ಮಾತ್ರ ಇದ್ದ. ಪಕ್ಕದ ಮನೆಯಲ್ಲೇ ಇದ್ದ, ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು. ಕಡುಬಿನ ಪಾತ್ರೆ ಅಲ್ಲೇ ಬಿಟ್ಟು ನೆಟ್ಟಗೆ ಅವನ ಹತ್ತಿರ ಬಂದೆ. ಮಗನೂ ಅಲ್ಲೇ ಅಂಗಳದಲ್ಲಿ ಚೆಂಡಿಗೆ ಗಾಳಿ ಹೊಡೆಯುತ್ತಿದ್ದ.

"ಹಂದಿ ಕಾಯೋವಾಗ ನಿಮ್ಮಣ್ಣ ಎಚ್ಚರ ಐತೇನೋ ಅಂದ್ರೆ ಉತ್ತರ ಕೊಡ್ತಿದ್ದೋನು ನೀನೇ ತಾನೆ?" ಅಂದೆ.

ಮೈದುನ ಬಾಯಲ್ಲಿದ್ದ ಎಲೆಯಡಿಕೆ ಪಕ್ಕಕ್ಕೆ ಸರಿಸಿದ. ಮಗನ ಕಡೆ ನೋಡಿದ. ಆಮೇಲೆ ನನ್ನ ಕಡೆ.

"ನಾನಾ? ನಾನು ಗುಡ್ಲಿಗೆ ಹೋಗ್ತಿದ್ದಿದ್ದೇ ಮಲಗಕ್ಕೆ ಅತ್ತಿಗೆ. ಮನೇಲಿ ಇವನು ಕೂಸು, ಬೆಳಗಾಗೋವರ್ಗೂ ಅಳೋನು. ಗುಡ್ಲಲ್ಲಿ ಕಂಬಳಿ ಹೊದ್ಕಂಡ್ರೆ ಸುಖವಾದ ನಿದ್ದೆ."

"ಮತ್ತೆ ಉತ್ತರ ಯಾರು ಕೊಡ್ತಿದ್ರು?"

"ಹಳ್ಳದಾಚೆ ಅಜ್ಜ. ನಿಮ್ಮ ಬೀಗಿತ್ತಿ ಮಾವ. ಅಣ್ಣ ಈ ದಡದಿಂದ ಕೇಳೋನು, ಅಜ್ಜ ಆ ದಡದಿಂದ ಹೇಳೋನು. ಈಚೆ ಹಂದಿ ಬಿದ್ರೆ ಅಣ್ಣ ಓಡ್ಸೋನು, ಅವು ಆಚೆ ಹೋಗ್ತವೆ ಅಂತ ಅಜ್ಜಂಗೆ ಗೊತ್ತಾಗ್ಬೇಕಲ್ಲ? ಒಂದಿನ ಕೂಗಿದ್ರೂ ಕೂಗಿದ್ರೂ ಆಚೆಯಿಂದ ಉತ್ತರ ಬರ್ಲಿಲ್ಲ. ಅಣ್ಣ ನನ್ನ ಎಬ್ಬಿಸ್ಕಂಡು ಲಾಟೀನು ಹಿಡ್ದು ಸಂಕ ದಾಟ್ದ. ಹೋಗಿ ನೋಡಿದ್ರೆ ಅಜ್ಜಂಗೆ ಜ್ವರ ಬಂದು ಮೈ ಕೆಂಡ ಆಗಿತ್ತು. ಹೊತ್ಕಂಡ್ ಹೋಗಿ ಅವರ ಮನೆಗೆ ಬಿಟ್ಟು ಬಂದ್ವಿ. ನಿಮ್ಮ ಬೀಗಿತ್ತಿ ಆಗ ಬಾಣಂತನಕ್ಕೆ ತವರಿಗೆ ಹೋಗಿದ್ರು."

"ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ ನೀನು!"

"ನೀವ್ಯಾರು ಕೇಳಿದ್ರಿ? ಬಾಯಿ ಬಿಟ್ಟಿದ್ರೆ ನಾನು ಮಲಗ್ತಿದ್ದಿದ್ದು ಗೊತ್ತಾಗಿ ಅವತ್ತೇ ನೀವು ನಂಗೆ ಅನ್ನ ಹಾಕ್ತಿರ್ಲಿಲ್ಲ."

ಅದು ನಿಜ. ಹಾಕುತ್ತಿರಲಿಲ್ಲ.

ಮಗ ಗಾಳಿ ಹೊಡೆಯುವುದನ್ನು ನಿಲ್ಲಿಸಿ ಎಲ್ಲಾ ಕೇಳಿಸಿಕೊಂಡಿದ್ದ. ನಾನು ಅವನ ಮುಖ ನೋಡಿದೆ. ಅಷ್ಟು ಸುಲಭಕ್ಕೆ ಬಗ್ಗುವವನಲ್ಲ, ನನ್ನ ಹೊಟ್ಟೆಯಲ್ಲೇ ಹುಟ್ಟಿದವನು.

"ಆದ್ರೂ ಮೊದ್ಲು ಕೇಳಿದ್ದು ನಮ್ಮಪ್ಪ ತಾನೆ?" ಅಂದ.

"ಆಚೆಯಿಂದ ಉತ್ತರ ಬರ್ದೇ ಇದ್ದಿದ್ರೆ ನಿಮ್ಮಪ್ಪ ಏನು ಹುಚ್ಚು ಹಿಡ್ದೋನ ಹಂಗೆ ಒಬ್ಬನೇ ಕೂಗ್ತಾ ಕೂತಿರ್ತಿದ್ನಾ?" ಅಂದೆ. ಅವನು ಚೆಂಡು ತೆಗೆದುಕೊಂಡು ಎದ್ದು ಹೋದ.

ಮೈದುನ ಹೇಳಿದ್ದನ್ನೆಲ್ಲ ಹಳ್ಳದಾಚೆ ಬೀಗಿತ್ತಿಗೂ ಮುಟ್ಟಿಸಿದೆ. ಅವರು ತಮ್ಮ ಮಗನಿಗೆ ಏನು ಹೇಳಿದರೋ ನಾನು ಕೇಳಲಿಲ್ಲ. ಸೀದ ಕಾಫಿಬೀಜದ ಪುಡಿಯನ್ನೇ ಅವನಿಗೆ ಎರಡು ವಾರ ಕುಡಿಸಿದರು ಅಂತ ಆಮೇಲೆ ಮಗಳು ಹೇಳಿದಳು. ಅವನು ಬೈದುಕೊಂಡು ಕುಡಿದನಂತೆ. ಹೊಸಿಲಿನ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ.

ಬಯಕೆ ಊಟದ ದಿನ ಬಂತು. ಕಾಫಿ ಕೊಯ್ಲು ಮುಗಿದು ತೋಟಗಳೆಲ್ಲ ಖಾಲಿಯಾಗಿದ್ದ ಹೊತ್ತು. ಬೆಳಿಗ್ಗೆ ನಾವು ಹೆಂಗಸರು ಮಡಿಲಕ್ಕಿ, ಬಳೆ, ಹೂವು, ಉಂಡೆ ಎಲ್ಲಾ ತಟ್ಟೆಗಳಲ್ಲಿ ಜೋಡಿಸಿಕೊಂಡು ಹೊರಟೆವು. ಒಗೆದು ಇಸ್ತ್ರಿ ಮಾಡಿಸಿದ ಹಸಿರು ಸೀರೆಯನ್ನು ಬೂಟಿನ ಗುರುತು ಒಳಮಡಿಕೆಗೆ ಹೋಗುವ ಹಾಗೆ ಮಡಚಿ ಇಟ್ಟಿದ್ದೆ. ಮಗ ಬರುವುದಿಲ್ಲ ಅನ್ನಲಿಲ್ಲ. ಬರುತ್ತೇನೆ ಅಂತಲೂ ಅನ್ನಲಿಲ್ಲ. ಬಿಳಿ ಅಂಗಿ ಹಾಕಿಕೊಂಡು ನಮ್ಮ ಹಿಂದೆ ಗದ್ದೆ ಬದುವಿನ ಮೇಲೆ ನಡೆದು ಬಂದ. ಸಂಕದ ಹತ್ತಿರ ಬಂದವನು ನಿಂತುಬಿಟ್ಟ.

"ನೀವು ಹೋಗಿ," ಅಂದ. "ಹೊಸ್ಲು ತುಳಿಬೇಡ ಅಂದವ್ನೆ."

ಆಚೆ ಕಡೆ ಅಂಗಳ ಕಾಣುತ್ತಿತ್ತು. ನೆಂಟರು ತುಂಬಿದ್ದರು. ಅಳಿಯ ಅಂಗಳದ ಅಂಚಿನಲ್ಲಿ ನಿಂತು ಒಣಗಿದ ಕಾಫಿಯನ್ನು ಹಲಗೆಯಿಂದ ಒಟ್ಟು ಮಾಡುತ್ತಿದ್ದ. ಮನೆಯಲ್ಲಿ ಹೆಂಡತಿಯ ಶಾಸ್ತ್ರ, ಅವನಿಗೆ ಕಾಫಿ ಒಟ್ಟು ಮಾಡುವ ಅರ್ಜೆಂಟು! ಅವನೂ ನಮ್ಮ ಕಡೆಯೇ ನೋಡುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು. ಬಾಗಿಲಲ್ಲಿ ಮಗಳು ನಿಂತಿದ್ದಳು.

"ಹೊಸ್ಲು ತುಳಿಬೇಡ ಅಂದವ್ನೆ ಸರಿ," ಅಂದೆ. "ಕೂಗ್ಬೇಡ ಅಂದಿಲ್ವಲ್ಲ?"

"ಏನಂತ ಕೂಗ್ಲಿ?"

"ನಿಮ್ಮಪ್ಪ ಏನಂತ ಕೂಗ್ತಿದ್ರು?"

ಅವನು ಬದುವಿನ ಹುಲ್ಲು ಕಿತ್ತು ಹಳ್ಳಕ್ಕೆ ಎಸೆದ. ಆಮೇಲೆ ಎರಡು ಕೈ ಬಾಯಿಗೆ ಹಿಡಿದ.

"ಚರೈತೇ…"

"ಬಾಯಿ ತುಂಬ ಕೂಗೋ! ಎಚ್ಚರ ಅನ್ನು!"

"ಎಚ್ಚರ ಐತೇ…ನೋ…?"

ಅಳಿಯನ ಕೈಯಲ್ಲಿದ್ದ ಹಲಗೆ ನಿಂತಿತು. ಅಂಗಳದಲ್ಲಿದ್ದವರೆಲ್ಲ ಈಚೆ ತಿರುಗಿದರು. ಉತ್ತರ ಬರಲಿಲ್ಲ. ಬೀಗಿತ್ತಿ ಬಾಯಿ ತೆರೆದಿದ್ದನ್ನು ನಾನು ಇಲ್ಲಿಂದಲೇ ನೋಡಿದೆ. ಮಗಳು ಅವರ ಸೆರಗು ಹಿಡಿದು ಜಗ್ಗಿ ಸುಮ್ಮನಾಗಿಸಿದಳು. ಒಳ್ಳೆಯ ಕೆಲಸ ಮಾಡಿದಳು. ಅದು ಬೀಗಿತ್ತಿ ಕೊಡಬೇಕಾದ ಉತ್ತರವಾಗಿರಲಿಲ್ಲ.

ಮಗ ನನ್ನ ಕಡೆ ತಿರುಗಿದ. ಕಿವಿ ಕೆಂಪಗಾಗಿತ್ತು. "ಸಾಕಾ?" ಅಂದ.

"ನಿಮ್ಮಪ್ಪ ಒಂದೇ ಸಲಕ್ಕೆ ಬಿಡ್ತಿರ್ಲಿಲ್ಲ," ಅಂದೆ.

ಅವನು ಮತ್ತೆ ಕೂಗಿದ. ಈ ಸಲ ಟೀಮಿನ ಕ್ಯಾಪ್ಟನ್ ಕೂಗಿದ ಹಾಗಿರಲಿಲ್ಲ. ನಿಜವಾಗಿ ಕೇಳುವವನ ಹಾಗೆ ಕೂಗಿದ.

ಅಳಿಯ ಹಲಗೆಯನ್ನು ಕಾಫಿ ರಾಶಿಯ ಮೇಲೆ ಎಸೆದ.

"ಐತೆ ಕಣೋ ಐತೆ!" ಅಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಐತೆ, ಬಾ ಭಾವ! ಅನ್ನ ಆರೋಗ್ತಾ ಐತೆ, ಅಲ್ಲೇನು ಗೂಟ ಹೊಡ್ಕಂಡು ನಿಂತಿದ್ದೀಯ!"

ಮಗ ಸಂಕದ ಮೇಲೆ ಓಡಿದ. ನಮ್ಮ ತಟ್ಟೆಗಳಿಗೆ ದಾರಿ ಬಿಡಲೂ ಇಲ್ಲ. ಹೊಸಿಲ ಮುಂದೆ ನಿಂತು "ಬಾರವ್ವ ತಂಗಿ" ಅಂದ, ಅಳಿಯ "ಕರ್ಕೊಂಡ್ ಹೋಗು" ಅಂದ, ಇಬ್ಬರೂ ಪಂಕ್ತಿಯಲ್ಲಿ ಪಕ್ಕ ಪಕ್ಕ ಕೂತು ಉಂಡರು. ಸಾಯಂಕಾಲ ಮಗಳು ನನ್ನ ಕೈ ಹಿಡಿದುಕೊಂಡು ಸಂಕ ದಾಟಿದಳು. ಮೈಕಿನಲ್ಲಿ ಯಾರೂ ಏನೂ ಹೇಳಲಿಲ್ಲ, ಹೇಳು ಅಂತ ಯಾರೂ ಕೇಳಲೂ ಇಲ್ಲ.

ಜಗಳ ಅಲ್ಲಿಗೇ ಪೂರ್ತಿ ಮುಗಿಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮುಂದಿನ ವರ್ಷದ ಟೂರ್ನಮೆಂಟಿನಲ್ಲಿ ಎರಡೂ ಊರಿನವರು ಬಯಲಿನ ಆಚೆ ಈಚೆ ಎದುರುಬದುರು ನಿಂತರು. ಈಚೆಯವರು ಕೇಳುವುದು, ಆಚೆಯವರು ಹೇಳುವುದು. ನಮ್ಮವರು ಆಡುವಾಗಲೂ ಹಾಗೆ, ಅವರು ಆಡುವಾಗಲೂ ಹಾಗೆ. ಎರಡೂ ಟೀಮು ಒಂದರ ವಿರುದ್ಧ ಒಂದು ಆಡಿದಾಗಲೂ ಹಾಗೆಯೇ ಕೂಗಿದರು. ಆಗ ರೆಫ್ರಿ ತಲೆಯ ಮೇಲೆ ಕೈ ಹೊತ್ತುಕೊಂಡಿದ್ದನಂತೆ, ಯಾರು ಯಾರ ಕಡೆ ಅಂತಲೇ ಗೊತ್ತಾಗದೆ. ಆಮೇಲೆ ಹೊಸ ವಾದ ಶುರುವಾಯಿತು, ಕೇಳುವುದು ದೊಡ್ಡದೋ ಹೇಳುವುದು ದೊಡ್ಡದೋ ಅಂತ. ಅದು ಇನ್ನೂ ನಡೆಯುತ್ತಿದೆ. ನಡೆಯಲಿ. ಅದಕ್ಕೆ ಯಾರೂ ಕೊರಳಪಟ್ಟಿ ಹಿಡಿಯುವುದಿಲ್ಲ.

ಇತ್ತ ಜಗಳವಾದ ವರ್ಷವೇ, ಕಾಫಿ ಹೂವು ಬಿಟ್ಟು ಉದುರಿದ ಮೇಲೆ, ಮಗಳಿಗೆ ಹೆಣ್ಣುಮಗು ಆಯಿತು. ಹೆರಿಗೆ ಸಕಲೇಶಪುರದ ಆಸ್ಪತ್ರೆಯಲ್ಲಿ, ಬಾಣಂತನ ನಮ್ಮ ಮನೆಯಲ್ಲಿ. ಮಗು ಹಗಲೆಲ್ಲ ಮಲಗಿ ಬೆಳಗಾಗುವ ತನಕ ಅಳುತ್ತಿತ್ತು, ಅದರ ಮಾವನ ಹಾಗೆಯೇ. ನನ್ನ ಮೈದುನ ಗುಡಿಸಲು ಇಲ್ಲವಲ್ಲ ಅಂತ ಗೊಣಗಿದ.

ಒಂದು ಮಧ್ಯಾಹ್ನ ಎಣ್ಣೆನೀರು ಹಾಕಿ, ಹೊಗೆ ಕೊಟ್ಟು, ತೊಟ್ಟಿಲು ತೂಗಿ ತೂಗಿ ಆಗಷ್ಟೇ ಮಗುವಿನ ಕಣ್ಣು ಮುಚ್ಚಿಸಿದ್ದೆ. ಅಳಿಯ ಹೆಂಡತಿ ಮಗುವನ್ನು ನೋಡಲು ಬರುತ್ತಿದ್ದ. ಸಂಕದ ಆಚೆಯಿಂದಲೇ ಅವನ ಗಂಟಲು ಕೇಳಿತು.

"ಎಚ್ಚರ ಐತೇ…ನೋ…?"

ಜಗಲಿಯಲ್ಲಿ ಮಲಗಿದ್ದ ನನ್ನ ಮಗ ಚಾಪೆಯಿಂದ ಎದ್ದು ಕೂತ. "ಅದು ನಮ್ಮ ಪಾಲು ಕಣೋ ಭಾವ! ನಿಂದು 'ಐತೆ' ಅನ್ನೋದು!" ಅಂತ ಕಿರುಚಲು ಬಾಯ್ತೆರೆದ. ನಾನು ಅವನ ಬಾಯಿ ಮುಚ್ಚಿ, ಹಿತ್ತಲಿಗೆ ಓಡಿ, ಬೇಲಿಯ ಪಕ್ಕ ನಿಂತು, ಆ ಎರಡು ಊರಿನಲ್ಲಿ ಯಾರೂ ಅಲ್ಲಿಯ ತನಕ ಕೊಡದ ಉತ್ತರ ಕೊಟ್ಟೆ:

"ಇಲ್ಲ ಕಣೋ ಇಲ್ಲ! ಈಗಷ್ಟೇ ಮಲಗೈತೆ, ಬಾಯ್ಮುಚ್ಕಂಡ್ ಬಾ!"

ಒಳಗೆ ಮಗು ಎದ್ದು ಅಳಲು ಶುರುಮಾಡಿತು. ಎಬ್ಬಿಸಿದ್ದು ಅವನ ಕೂಗೋ ನನ್ನ ಕೂಗೋ ಅಂತ ಇವತ್ತಿಗೂ ನಮ್ಮ ಮನೆಯಲ್ಲಿ ಒಂದು ಮಾತಾಗಿಲ್ಲ.